ಸಮಿತಿ ಕಾಪಾಡಿದ ಇಪ್ಪತ್ತು ಕಿಲೋಮೀಟರ್

2025ರ ಮಾರ್ಚ್ 9ರಂದು ನಾರ್ವೆಯ ಟ್ರೊಂಡ್‌ಹೈಮ್ ನಗರದಲ್ಲಿ ಒಂದು ಮಹಾ ಅನಾಹುತ ನಡೆಯಬೇಕಿತ್ತು, ನಡೆಯಲಿಲ್ಲ. ವಿಶ್ವ ನಾರ್ಡಿಕ್ ಸ್ಕೀ ಚಾಂಪಿಯನ್‌ಶಿಪ್‌ನಲ್ಲಿ ಅಂದು ಮೊತ್ತಮೊದಲ ಬಾರಿಗೆ ಹೆಂಗಸರು 50 ಕಿಲೋಮೀಟರ್ ಸ್ಪರ್ಧೆಗೆ ಇಳಿದಿದ್ದರು. ಅಲ್ಲಿಯವರೆಗೆ ಅವರಿಗೆ ಕೊಟ್ಟಿದ್ದದ್ದು 30. ತಿಳಿದವರ ಲೆಕ್ಕದ ಪ್ರಕಾರ ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ಏನಾದರೂ ಆಗಲೇಬೇಕಿತ್ತು. ಆದದ್ದು ಇಷ್ಟೇ: ಮೂವತ್ತೊಂದರ ನಂತರ ಮೂವತ್ತೆರಡು ಬಂತು, ಆಮೇಲೆ ಮೂವತ್ತಮೂರು. ಹೀಗೇ ಐವತ್ತು ಮುಗಿಯಿತು. ಸ್ವೀಡನ್ನಿನ ಫ್ರಿಡಾ ಕಾರ್ಲ್‌ಸನ್ ಗೆದ್ದರು, ನಾರ್ವೆಯ ಹೈಡಿ ವೆಂಗ್ ಎರಡನೆಯವರಾದರು, ಅದೇ ನಾರ್ವೆಯ ತೆರೇಸ್ ಯೊಹೌಗ್ ಮೂರನೆಯವರಾದರು. ಮೂವರೂ ಪದಕ ಹಾಕಿಕೊಂಡು ಫೋಟೊಗೆ ನಿಂತರು.

ಗೆದ್ದವರನ್ನು ಹೊಗಳಲು ಜನ ಬೇಕಾದಷ್ಟಿದ್ದಾರೆ. ನನಗೆ ಮರುಕ ಹುಟ್ಟಿದ್ದು ಸಮಿತಿಗಳ ಮೇಲೆ. ಒಂದು ಶತಮಾನದ ಕಾಲ ಈ ಹೆಂಗಸರ ಎದೆಬಡಿತ, ಮಂಡಿ, ಗರ್ಭಕೋಶ ಎಲ್ಲವನ್ನೂ ಅವರು ಕೇಳದೆಯೇ ಕಾಪಾಡಿಕೊಂಡು ಬಂದ ಹಿರಿಯರಿಗೆ ಆ ದಿನ ಒಂದು ಹಾರವಿರಲಿ, ಒಂದು ಧನ್ಯವಾದವೂ ಸಿಗಲಿಲ್ಲ. ಆ ಕೃತಘ್ನತೆಯನ್ನು ಈ ಅಂಕಣ ಕೈಲಾದಮಟ್ಟಿಗೆ ಸರಿಪಡಿಸಲಿದೆ.

ಮೊದಲಿಗೆ ಆಟದ ಪರಿಚಯ. ಹಳೆಯ ಹಿಂದಿ ಸಿನಿಮಾಗಳಲ್ಲಿ ನಾಯಕಿ ಸ್ವೆಟರ್ ತೊಟ್ಟು ಹಿಮದ ಇಳಿಜಾರಿನಲ್ಲಿ ಜಾರುತ್ತಿದ್ದಳಲ್ಲ, ಅದಲ್ಲ ಇದು. ಅಲ್ಲಿ ದುಡಿಯುವುದು ಗುಡ್ಡ. ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ದುಡಿಯುವುದು ಮೈ. ಎಷ್ಟು ಇಳಿಯುತ್ತೀರೋ ಅಷ್ಟನ್ನು ಹತ್ತಲೂ ಬೇಕು. ಎರಡು ಕೋಲು, ಎರಡು ತೆಳ್ಳನೆಯ ಹಲಗೆ, ಒಂದು ಜೋಡಿ ಶ್ವಾಸಕೋಶ ಬಿಟ್ಟರೆ ಬೇರೆ ಇಂಧನವಿಲ್ಲ. ಕಾಲಿನಷ್ಟೇ ಕೈಯೂ, ಕೈಯಷ್ಟೇ ಬೆನ್ನೂ ಕೆಲಸ ಮಾಡುತ್ತವೆ. ದಾರಿಬದಿಯಲ್ಲಿ ತಂಡದವರು ಚಾಚಿದ ಕುಡಿಯುವ ಬಾಟಲಿಯನ್ನು ಓಡುತ್ತಲೇ ಕಸಿದುಕೊಂಡು, ಎರಡು ಗುಟುಕು ಕುಡಿದು ಎಸೆಯಬೇಕು. ಟ್ರೊಂಡ್‌ಹೈಮ್‌ನಲ್ಲಿ ಅಂದು ಹಿಮ ಗಟ್ಟಿಯಾಗಿರಲಿಲ್ಲ, ಸೆಖೆಗೆ ಕರಗಿ ಒದ್ದೆ ಸಕ್ಕರೆಯ ಹದಕ್ಕೆ ಬಂದಿತ್ತು. ಅದರಲ್ಲಿ 50 ಕಿಲೋಮೀಟರ್.

ಈಗ ಚರಿತ್ರೆಗೆ ಬರೋಣ. 1924ರಲ್ಲಿ ಫ್ರಾನ್ಸಿನ ಶಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಕ್ರಾಸ್-ಕಂಟ್ರಿಯಲ್ಲಿ ಗಂಡಸರಿಗೆ ಎರಡು ಸ್ಪರ್ಧೆ: 18 ಕಿ.ಮೀ. ಮತ್ತು 50 ಕಿ.ಮೀ. ಎರಡನ್ನೂ ನಾರ್ವೆಯ ಥೊರ್ಲೈಫ್ ಹೌಗ್ ಗೆದ್ದರು. ಹೆಂಗಸರಿಗೆ ಎಷ್ಟು ಕಿಲೋಮೀಟರ್? ಸೊನ್ನೆ. ಸೊನ್ನೆಯಲ್ಲಿ ಯಾರೂ ಜಾರಿ ಬೀಳುವುದಿಲ್ಲ, ಯಾರಿಗೂ ದಮ್ಮು ಕಟ್ಟುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಸೊನ್ನೆಯನ್ನು ಮೀರಿಸಿದ ದೂರ ಇವತ್ತಿಗೂ ಕಂಡುಹಿಡಿದಿಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ, ಅಂದರೆ ಫಿಸ್, ಹುಟ್ಟಿದ್ದೂ ಅದೇ ವರ್ಷ, ಅದೇ ಊರಿನಲ್ಲಿ. ಹೀಗೆ ಆಟವೂ ಅದರ ಪಾಲಕರೂ ಒಟ್ಟಿಗೆ ಅವತರಿಸಿದರು.

ಸೊನ್ನೆಯ ಆಳ್ವಿಕೆ 28 ವರ್ಷ ನಡೆಯಿತು. 1952ರ ಓಸ್ಲೊ ಒಲಿಂಪಿಕ್ಸ್‌ನಲ್ಲಿ ಸಮಿತಿ ಎದೆ ಗಟ್ಟಿ ಮಾಡಿಕೊಂಡು 10 ಕಿಲೋಮೀಟರ್ ಮಂಜೂರು ಮಾಡಿತು. ಫಿನ್ಲೆಂಡಿನ ಲಿಡಿಯಾ ವಿಡೆಮಾನ್ ಗೆದ್ದರು. ಬೆಳ್ಳಿ, ಕಂಚುಗಳೂ ಫಿನ್ಲೆಂಡಿಗೇ ಹೋದವು. ಮೂವರೂ ಬದುಕಿ ಮನೆ ತಲುಪಿದರು. ಇದನ್ನು ನೋಡಿ ದೂರ ಹೆಚ್ಚಿಸಬಹುದಿತ್ತು ಎಂದು ಅವಸರದ ಜನ ಅನ್ನಬಹುದು. ಸಮಿತಿ ಅವಸರದ್ದಲ್ಲ. 1964ರಲ್ಲಿ ಅದು ಹೆಂಗಸರಿಗೆ ಇನ್ನೊಂದು ಒಲಿಂಪಿಕ್ ಸ್ಪರ್ಧೆಯನ್ನು ಸೇರಿಸಿತು: 5 ಕಿಲೋಮೀಟರ್! 1978ರ ಲಾಹ್ಟಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 20 ಬಂತು. ಅದು ಒಲಿಂಪಿಕ್ಸ್‌ಗೆ ಬರಲು 1984 ಆಗಬೇಕಾಯಿತು. ಸರಾಯೆವೊದಲ್ಲಿ ಫಿನ್ಲೆಂಡಿನ ಮಾರ್ಯಾ-ಲೀಸಾ ಹ್ಯಾಮಲೈನೆನ್ ಐದನ್ನೂ ಗೆದ್ದು, ಹತ್ತನ್ನೂ ಗೆದ್ದು, ಕೈಯೊಡನೆ ಇಪ್ಪತ್ತನ್ನೂ ಗೆದ್ದರು. 1989ರಲ್ಲಿ ಮತ್ತೆ ಲಾಹ್ಟಿಯಲ್ಲೇ 30. 1992ರಲ್ಲಿ ಅಲ್ಬರ್ಟ್‌ವಿಲ್ ಒಲಿಂಪಿಕ್ಸ್‌ಗೂ 30. ಗೆದ್ದವರು ಇಟಲಿಯ ಸ್ಟೆಫಾನಿಯಾ ಬೆಲ್ಮೊಂಡೊ. ಅಲ್ಲಿಗೆ ಗಡಿಯಾರ ನಿಂತಿತು.

ಹತ್ತು, ಇಪ್ಪತ್ತು, ಮೂವತ್ತು. ನಮ್ಮ ವೇತನ ಆಯೋಗದಂತೆ ಕಂತು ಕಂತಾಗಿ, ಪ್ರತಿ ಕಂತಿಗೂ ಒಂದು ತಲೆಮಾರು ನಿವೃತ್ತಿಯಾದ ಮೇಲೆ. ಮೂವತ್ತೇ ಏಕೆ, ಮೂವತ್ತೆರಡೂವರೆ ಏಕಲ್ಲ? ಇದಕ್ಕೆ ಸ್ವಿಟ್ಜರ್ಲೆಂಡಿನ ಸರೋವರದ ದಡದ ಒಬೆರ್‌ಹೋಫೆನ್ನಿನಲ್ಲಿರುವ ಫಿಸ್ ಕಚೇರಿಯ ಕಡತಗಳೇ ಉತ್ತರ ಹೇಳಬೇಕು. ಕಡತ ಸಿಗದವರು ಕಲ್ಪನೆಗೆ ಮೊರೆಹೋಗಬೇಕಾಗುತ್ತದೆ. ನನ್ನ ಕಲ್ಪನೆಯ ಸಭೆ ಹೀಗಿದೆ:

"ಯಜಮಾನರೇ, ಹೆಂಗಸರು ಇಪ್ಪತ್ತನ್ನು ಮುಗಿಸಿಬಿಟ್ಟರು."

"ಮುಗಿಸಿದ ಮೇಲೆ ಹೇಗಿದ್ದರು?"

"ಹತ್ತು ಮುಗಿಸಿದಾಗ ಹೇಗಿದ್ದರೋ ಹಾಗೇ ಇದ್ದರು."

"ಅದೇ ಅಪಾಯದ ಲಕ್ಷಣ. ಆಯಾಸ ಹೊರಗೆ ಕಾಣಿಸದಿದ್ದರೆ ಒಳಗೆ ಇಳಿದಿದೆ ಎಂದರ್ಥ. ಗಂಡಸರು ಐವತ್ತು ಮುಗಿಸಿದಾಗ?"

"ಗೆರೆ ದಾಟಿದವರು ದಾಟಿದಲ್ಲೇ ಹಿಮದ ಮೇಲೆ ಬಿದ್ದುಕೊಂಡಿರುತ್ತಾರೆ."

"ನೋಡಿ, ಎಂಥ ಆರೋಗ್ಯ! ಕಾಫಿ ತರಿಸಿ."

ಈ ಸಭೆ ನನ್ನ ತಲೆಯೊಳಗೆ ಮಾತ್ರ ನಡೆದದ್ದು. ನಿಜವಾಗಿ ನಡೆದವುಗಳ ಮುಂದೆ ಇದು ಸಪ್ಪೆ.

ಉದಾಹರಣೆಗೆ ಸ್ವೀಡನ್ನಿನ ವಾಸಲೋಪೆಟ್. ಸೇಲೆನ್‌ನಿಂದ ಮೋರಾವರೆಗೆ 90 ಕಿಲೋಮೀಟರ್‌ಗಳ ಸ್ಕೀ ಯಾತ್ರೆ, 1922ರಿಂದ ನಡೆಯುತ್ತಿದೆ. ಎರಡನೆಯ ವರ್ಷವೇ, 1923ರಲ್ಲಿ, ಮಾರ್ಗಿತ್ ನೊರ್ದಿನ್ ಎಂಬ ಮಹಿಳೆ ಹೊರಟು, ಹತ್ತು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಇಡೀ ತೊಂಬತ್ತನ್ನು ಮುಗಿಸಿದರು. ಸಾಮಾನ್ಯ ಮನುಷ್ಯರು ಇದನ್ನು ಕಂಡು ಹೆಂಗಸರಿಂದ ಇದು ಸಾಧ್ಯ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಸಂಘಟಕರು ಮರುವರ್ಷವೇ ಹೆಂಗಸರನ್ನು ನಿಷೇಧಿಸಿದರು. ಸಾಧ್ಯವಿಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲ, ಅದು ತಾನಾಗಿಯೇ ನಡೆಯುವುದಿಲ್ಲ. ನಿಷೇಧ ಬೇಕಾಗುವುದು ಯಾರೋ ಮಾಡಿ ತೋರಿಸಿದ ಮೇಲೆ. ನಿಷೇಧ ತೆರವಾದದ್ದು 1981ರಲ್ಲಿ.

ಹಾಗೆಂದು ಆ ಐದೂವರೆ ದಶಕ ವಾಸಲೋಪೆಟ್‌ನಲ್ಲಿ ಹೆಣ್ಣೇ ಇರಲಿಲ್ಲ ಎನ್ನಬೇಡಿ. ಮೋರಾದ ಗುರಿಗೆರೆಯ ಬಳಿ ಜಾನಪದ ಉಡುಪು ತೊಟ್ಟ ಯುವತಿಯೊಬ್ಬಳು ಗೆದ್ದವನ ಕೊರಳಿಗೆ ಎಲೆಹಾರ ಹಾಕುವುದು ಅಲ್ಲಿನ ಸಂಪ್ರದಾಯ. ತೊಂಬತ್ತು ಕಿಲೋಮೀಟರ್‌ನ ಕೊನೆಯ ಎರಡು ಹೆಜ್ಜೆ ಹೆಣ್ಣಿನ ದೇಹಕ್ಕೆ ಹಿತಕರ. ಅದಕ್ಕೂ ಮುಂಚಿನದ್ದು ಮಾತ್ರ ಹಾನಿಕರ ಎಂಬ ವೈದ್ಯಕೀಯ ಸತ್ಯ ಇದರಿಂದ ತಿಳಿಯುತ್ತದೆ.

ವೈದ್ಯಕೀಯ ಎಂದಾಗ ಫಿಸ್ ಅಧ್ಯಕ್ಷರಾಗಿದ್ದ ಜಾನ್ ಫ್ರಾಂಕೊ ಕ್ಯಾಸ್ಪರ್ ಅವರನ್ನು ನೆನೆಯದಿದ್ದರೆ ಪಾಪ ಬರುತ್ತದೆ. ಹೆಂಗಸರ ಸ್ಕೀ ಜಿಗಿತದ ಬಗ್ಗೆ 2005ರಲ್ಲಿ ಕೇಳಿದಾಗ, ವೈದ್ಯಕೀಯ ದೃಷ್ಟಿಯಿಂದ ಅದು ಮಹಿಳೆಯರಿಗೆ ತಕ್ಕುದಲ್ಲವೆಂದು ತೋರುತ್ತದೆ ಎಂಬರ್ಥದ ಮಾತನ್ನು ಅವರು ಆಡಿದರು. 1905 ಅಲ್ಲ, 2005. ಮಂಗಳ ಗ್ರಹದ ಮೇಲೆ ನಾಸಾದ ಗಾಡಿಗಳು ಓಡಾಡುತ್ತಿದ್ದ ವರ್ಷ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಜಿಗಿತಗಾರ್ತಿಯರನ್ನು ಸೇರಿಸಲಿಲ್ಲ. ಆ ಕ್ರೀಡಾಕೂಟಕ್ಕೆಂದೇ ಕಟ್ಟಿದ್ದ ಚಿಕ್ಕ ಜಿಗಿಗುಡ್ಡದ ದಾಖಲೆ ಅದಕ್ಕೂ ಮುಂಚೆ ಅಮೆರಿಕದ ಲಿಂಡ್ಸೆ ವ್ಯಾನ್ ಎಂಬ ಮಹಿಳೆಯ ಹೆಸರಿನಲ್ಲಿತ್ತು, ಗಂಡಸರನ್ನೂ ಸೇರಿಸಿ. ಹೆಂಗಸರು ಕೋರ್ಟಿಗೆ ಹೋದರು. ಇದು ತಾರತಮ್ಯವೇ ಹೌದು, ಆದರೆ ಒಲಿಂಪಿಕ್ ಸಮಿತಿಗೆ ಆಜ್ಞೆ ಮಾಡುವ ಅಧಿಕಾರ ನಮಗಿಲ್ಲ ಎಂದು ಕೆನಡಾದ ನ್ಯಾಯಾಲಯ ಕೈ ತೊಳೆದುಕೊಂಡಿತು. ಕೊನೆಗೆ 2014ರ ಸೋಚಿಯಲ್ಲಿ ಜಿಗಿಯಲು ಬಿಟ್ಟರು. ಜಿಗಿದವರೆಲ್ಲ ಕೆಳಗೇ ಬಂದಿಳಿದರು. ಗುರುತ್ವಾಕರ್ಷಣೆ ಲಿಂಗಭೇದ ಮಾಡಲಿಲ್ಲ.

ಇನ್ನು ಅಂಗಾಂಗಗಳ ನಾಜೂಕಿನ ವಿಷಯ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಗಂಡಸರ 50 ಕಿ.ಮೀ. ಸ್ಪರ್ಧೆಯ ದಿನ ಕೊರೆಯುವ ಚಳಿ, ಅದರ ಮೇಲೆ ಗಾಳಿ. ಸಂಘಟಕರು ಸ್ಪರ್ಧೆಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ, ಐವತ್ತನ್ನು ಕತ್ತರಿಸಿದರು. ಕೊನೆಗೆ ಗಂಡಸರು ಓಡಿದ್ದು 28.4 ಕಿಲೋಮೀಟರ್. ಅಷ್ಟರಲ್ಲೂ ಫಿನ್ಲೆಂಡಿನ ಒಬ್ಬ ಸ್ಪರ್ಧಿಯ ಮರ್ಮಾಂಗವೇ ಮರಗಟ್ಟಿತು; ಓಟ ಮುಗಿದ ಮೇಲೆ ಬಿಸಿ ಪೊಟ್ಟಣ ಇಟ್ಟು ಕರಗಿಸಿಕೊಳ್ಳಬೇಕಾಯಿತು ಎಂದು ಅವರೇ ಪತ್ರಕರ್ತರಿಗೆ ಹೇಳಿದರು. ಅವರ ನೋವನ್ನು ನಾನು ನಗೆಗೆ ಬಳಸುವುದಿಲ್ಲ. ನಾನು ಕಾಯುತ್ತಿದ್ದದ್ದು ಸಮಿತಿಯ ಹೇಳಿಕೆಗೆ: ಗಂಡಸರ ಸಂತಾನಶಕ್ತಿಯ ಹಿತದೃಷ್ಟಿಯಿಂದ ಇನ್ನು ಮುಂದೆ ಅವರಿಗೆ 10 ಕಿಲೋಮೀಟರ್ ಮಾತ್ರ, ಗುರಿಗೆರೆಯಲ್ಲಿ ಹಾರ ಹಾಕಲು ಅವರಿಗೆ ಎಂದೆಂದೂ ಸ್ವಾಗತ. ಅಂಥ ಹೇಳಿಕೆ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಗೊತ್ತಿತ್ತು. ಈ ಕೊಟ್ಟಿಗೆಯಲ್ಲಿ ಎತ್ತಿಗೆ ಜ್ವರ ಬರುವುದಕ್ಕೂ ನೂರು ವರ್ಷ ಮುಂಚೆಯೇ ಎಮ್ಮೆಗೆ ಬರೆ ಬಿದ್ದಾಗಿತ್ತು.

ಮರುದಿನ, ಅದೇ ಬೆಟ್ಟದಲ್ಲಿ, ಹೆಂಗಸರು ತಮ್ಮ ಪೂರ್ತಿ 30 ಕಿಲೋಮೀಟರ್ ಮುಗಿಸಿದರು. ಲೆಕ್ಕ ಹಾಕಿ: ಆ ಒಲಿಂಪಿಕ್ಸ್‌ನಲ್ಲಿ ಹೆಂಗಸರ ದೀರ್ಘ ಓಟ ಗಂಡಸರದ್ದಕ್ಕಿಂತ 1.6 ಕಿಲೋಮೀಟರ್ ಉದ್ದ. ಚಿನ್ನ ಗೆದ್ದ ಯೊಹೌಗ್ ಮತ್ತು ಎರಡನೆಯವರ ನಡುವೆ ಒಂದೂ ಮುಕ್ಕಾಲು ನಿಮಿಷಕ್ಕೆ ಒಂದೆರಡು ಸೆಕೆಂಡು ಕಡಿಮೆಯ ಅಂತರ. ಆ ಎರಡನೆಯವರು ಅಮೆರಿಕದ ಜೆಸ್ಸಿ ಡಿಗ್ಗಿನ್ಸ್. ತಿಂದದ್ದು ವಿಷವಾಗಿ ಹಿಂದಿನ ದಿನವಷ್ಟೇ ನರಳಿದ್ದವರು, ಬಂದು ಬೆಳ್ಳಿ ಗೆದ್ದರು. ಅದಕ್ಕೂ ನಾಲ್ಕು ವರ್ಷ ಹಿಂದೆ ಪ್ಯೊಂಗ್‌ಚಾಂಗ್‌ನಲ್ಲಿ ನಾರ್ವೆಯ ಮಾರಿಟ್ ಬ್ಯೋರ್ಗೆನ್, 37ರ ಪ್ರಾಯದಲ್ಲಿ, ಇದೇ 30 ಕಿ.ಮೀ. ಓಟವನ್ನು 1 ನಿಮಿಷ 49 ಸೆಕೆಂಡಿಗೂ ಮಿಕ್ಕ ಅಂತರದಿಂದ ಗೆದ್ದು, ಒಟ್ಟು 15 ಒಲಿಂಪಿಕ್ ಪದಕಗಳೊಂದಿಗೆ ಮನೆಗೆ ಹೋದರು. ಒಂದೂವರೆ ಗಂಟೆಯ ಓಟದಲ್ಲಿ ಮೊದಲನೆಯವರು ಎರಡನೆಯವರಿಗಾಗಿ ಗುರಿಯಲ್ಲಿ ನಿಂತು ಕಾಯಬೇಕಾದರೆ, ದೂರ ಕಡಿಮೆಯಾಯಿತೇನೋ ಎಂಬ ಅನುಮಾನ ಯಾರಿಗಾದರೂ ಬಂದೀತು. ಸಮಿತಿಗೆ ಬರಲಿಲ್ಲ. ಅನುಮಾನ ಅದರ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಕೊನೆಗೂ 2022ರ ಮೇ ತಿಂಗಳಲ್ಲಿ ಫಿಸ್‌ನ ಕ್ರಾಸ್-ಕಂಟ್ರಿ ಸಮಿತಿಯಲ್ಲಿ ಮತ ಹಾಕಲಾಯಿತು. ಗಂಡಸರಿಗೂ ಹೆಂಗಸರಿಗೂ ಒಂದೇ ದೂರ ಇರಲಿ ಎಂದವರು ಶೇ 57. ಅಂದರೆ ಇಪ್ಪತ್ತೊಂದನೆಯ ಶತಮಾನದ ಎರಡು ದಶಕ ಕಳೆದ ಮೇಲೂ ಶೇ 43 ಮಂದಿಗೆ ಕಾಳಜಿ ಬತ್ತಿರಲಿಲ್ಲ. ಕರುಣೆ ಇಷ್ಟು ಬೇಗ ಸಾಯುವುದಿಲ್ಲ.

ಸಮಾನತೆ ಬಂತು ಎಂದು ಹಿಗ್ಗಿದವರು ಪಟ್ಟಿಯನ್ನು ಪೂರ್ತಿ ಓದಬೇಕು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಟ್ ಬಿಟ್ಟು ಗಂಡಸರ ವೈಯಕ್ತಿಕ ಸ್ಪರ್ಧೆಗಳು 15, 30, 50. ಕೂಡಿದರೆ 95 ಕಿಲೋಮೀಟರ್. ಹೆಂಗಸರದ್ದು 10, 15, 30, ಕೂಡಿದರೆ 55. ಹೊಸ ವ್ಯವಸ್ಥೆಯಲ್ಲಿ ಇಬ್ಬರಿಗೂ 10, 20, 50, ಅಂದರೆ 80. ಹೆಂಗಸರಿಗೆ 25 ಏರಿತು, ಗಂಡಸರಿಗೆ 15 ಇಳಿಯಿತು. ರಿಲೇಯಲ್ಲೂ ಅಷ್ಟೇ: ಗಂಡಸರು ತಲಾ 10 ಕಿ.ಮೀ., ಹೆಂಗಸರು ತಲಾ 5 ಓಡುತ್ತಿದ್ದರು; ಈಗ ಎಲ್ಲರಿಗೂ ಏಳೂವರೆ. ನೂರು ವರ್ಷ ಹೆಂಗಸರ ದೂರವನ್ನು ಅಳೆಯಲು ಗರ್ಭಕೋಶವನ್ನೇ ಮಾನದಂಡ ಮಾಡಿಕೊಂಡಿದ್ದ ಸಮಿತಿ, ಗಂಡಸರ ಹದಿನೈದು ಕಿಲೋಮೀಟರ್ ಕಳೆಯುವಾಗ ಒಬ್ಬ ವೈದ್ಯನನ್ನೂ ಕರೆಯಲಿಲ್ಲ. ಪೆನ್ಸಿಲ್ ತೆಗೆದುಕೊಂಡಿತು, ಹಂಚಿತು, ಎದ್ದಿತು. ಅಷ್ಟು ಸುಲಭದ ಕೆಲಸವಾಗಿತ್ತು ಅದು, ಮೊದಲಿನಿಂದಲೂ.

ಜಾರಿಗೆ ತರುವಾಗಲೂ ಸಮಿತಿ ತನ್ನ ಗಾಂಭೀರ್ಯ ಬಿಡಲಿಲ್ಲ. ವಿಶ್ವಕಪ್ ಸರಣಿಗೆ ಸಮಾನ ದೂರ ಅದೇ ಚಳಿಗಾಲದಿಂದ ಅನ್ವಯ. ಆದರೆ ಅದೇ ಚಳಿಗಾಲದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ, ಹೆಂಗಸರಿಗೆ ಹಳೆಯ 30. ಹೀಗಾಗಿ 2023ರ ಮಾರ್ಚ್ ಆರಂಭದಲ್ಲಿ ಪ್ಲಾನಿಟ್ಸಾದಲ್ಲಿ ಐವತ್ತನ್ನು ತಾಳಲಾರದ ಹೆಂಗಸರು, ಅದೇ ತಿಂಗಳು ಕೆಲವೇ ದಿನಗಳ ನಂತರ ಓಸ್ಲೊದ ಹೊಲ್ಮೆನ್‌ಕೊಲ್ಲೆನ್‌ನಲ್ಲಿ ಅದನ್ನು ತಾಳುವವರಾದರು. ಪ್ಲಾನಿಟ್ಸಾದಿಂದ ಓಸ್ಲೊಗೆ ಬರುವ ವಿಮಾನದಲ್ಲಿ ಹೆಣ್ಣಿನ ದೇಹರಚನೆ ಬದಲಾಗುತ್ತದೆ ಎಂಬುದನ್ನು ವಿಜ್ಞಾನ ಇನ್ನೂ ಗಮನಿಸಬೇಕಿದೆ.

ವಿರೋಧಿಗಳ ವಾದವನ್ನೂ ಕೇಳಬೇಕು, ಅದು ಅಂಕಣದ ಧರ್ಮ. ಎಲ್ಲ ಸ್ಕೀಗಾರ್ತಿಯರೂ ಒಂದೇ ದನಿಯಲ್ಲಿ ಐವತ್ತನ್ನು ಕೇಳಿರಲಿಲ್ಲ ಎನ್ನುತ್ತಾರೆ. ಒಪ್ಪೋಣ. ಸ್ಪ್ರಿಂಟ್‌ನಲ್ಲಿ ಹೆಸರು ಮಾಡಿದವರಿಗೆ ಎರಡು ಗಂಟೆಗೂ ಮೀರಿದ ಓಟ ಏಕೆ ಬೇಕು? ಆದರೆ 1924ರಲ್ಲಿ ಐವತ್ತನ್ನು ಇಡುವಾಗ ಜಗತ್ತಿನ ಗಂಡಸರೆಲ್ಲರ ಸಹಿ ಸಂಗ್ರಹಿಸಿದ್ದರೇ? ಗಂಡಸರಲ್ಲೂ ಐವತ್ತೆಂದರೆ ಮುಖ ಹಿಂಡುವವರಿದ್ದಾರೆ. ಅವರು ಸ್ಪರ್ಧೆಗೆ ಹೆಸರು ಕೊಡುವುದಿಲ್ಲ, ಅಷ್ಟೇ. ಒಬ್ಬ ಗಂಡಸಿಗೆ ಇಷ್ಟವಿಲ್ಲದಿದ್ದರೆ ಅದು ಆತನ ಇಷ್ಟ. ಒಬ್ಬ ಹೆಂಗಸಿಗೆ ಇಷ್ಟವಿಲ್ಲದಿದ್ದರೆ ಅದು ಹೆಂಗಸರ ಶರೀರಶಾಸ್ತ್ರ. ಇನ್ನೊಂದು ವಾದ ಟಿವಿಯದು: ಹೆಂಗಸರ ಐವತ್ತು ತುಂಬ ಹೊತ್ತು ಹಿಡಿಯುತ್ತದೆ, ನೋಡುವವರಿಗೆ ಬೇಸರವಾಗುತ್ತದೆ. ಗಂಡಸರ ಐವತ್ತಿನಲ್ಲಿ ಅದೇ ಹೊತ್ತಿಗೆ ಬೇರೆ ಹೆಸರಿದೆ, ಅದನ್ನು ಮಹಾಕಾವ್ಯ ಎನ್ನುತ್ತಾರೆ.

ಹೀಗೆಲ್ಲ ಆಗಿ ಬಂದದ್ದು ಟ್ರೊಂಡ್‌ಹೈಮ್. ಮೂರನೆಯ ಸ್ಥಾನದ ಯೊಹೌಗ್ ಅವರನ್ನು ಇನ್ನೊಮ್ಮೆ ನೋಡಿ. ಬೀಜಿಂಗ್ ಆದಮೇಲೆ ಆಟ ಬಿಟ್ಟರು, 2023ರಲ್ಲಿ ಮಗಳನ್ನು ಹೆತ್ತರು, ತವರು ನೆಲದ ಈ ಚಾಂಪಿಯನ್‌ಶಿಪ್‌ಗೆಂದೇ ಮರಳಿ ಬಂದರು. 36ರ ವಯಸ್ಸಿನಲ್ಲಿ 50 ಕಿಲೋಮೀಟರ್ ಓಡಿ ಕಂಚು ಗೆದ್ದರು. ನೂರು ವರ್ಷ ಸಮಿತಿಗಳು ಯಾವ ಅಂಗದ ಹೆಸರಿನಲ್ಲಿ ಆತಂಕಪಟ್ಟವೋ, ಆ ಅಂಗ ತನ್ನ ಕೆಲಸವನ್ನೂ ಮುಗಿಸಿ, ಒಡತಿಯ ಜೊತೆ ಸ್ಪರ್ಧೆಗೂ ಬಂದು ಹೋಯಿತು.

ಟ್ರೊಂಡ್‌ಹೈಮ್‌ನಲ್ಲಿ ಅನಾಹುತವೇ ನಡೆಯಲಿಲ್ಲ ಎಂದರೆ ಸುಳ್ಳಾದೀತು. ನಡೆಯಿತು, ಗಂಡಸರ ಸ್ಕೀ ಜಿಗಿತದಲ್ಲಿ. ಆತಿಥೇಯ ನಾರ್ವೆ ತಂಡದ ಸಿಬ್ಬಂದಿ ಗುಟ್ಟಾಗಿ ಜಿಗಿತದ ಉಡುಪಿಗೆ ಗಡುಸಾದ ದಾರ ಹೊಲಿಸುತ್ತಿದ್ದ ವಿಡಿಯೊ ಹೊರಬಿತ್ತು. ತೊಡೆಸಂದಿನ ಭಾಗದಲ್ಲಿ ಬಟ್ಟೆ ಬಿಗಿಯಾಗಿ ಹರಡಿಕೊಂಡರೆ ಗಾಳಿ ಹೆಚ್ಚು ಹೊತ್ತು ತೇಲಿಸುತ್ತದಂತೆ. ಹೆಂಗಸರು ಐವತ್ತು ಓಡಿದ ದಿನವೇ ತಂಡದ ಮುಖ್ಯಸ್ಥರು ಮೋಸವನ್ನು ಒಪ್ಪಿಕೊಂಡರು. ಸೊಂಟದ ಕೆಳಗಿನ ಭಾಗದ ಮೇಲೆ ಸ್ಕೀ ಆಡಳಿತ ನೂರು ವರ್ಷದಿಂದ ಕಣ್ಣಿಟ್ಟು ಕಾವಲು ಕಾದದ್ದು ನಿಜ. ಕಾವಲು ತಪ್ಪು ಕಡೆಗಿತ್ತು.

ಈ ಹಿಮದ ಕಥೆಯಲ್ಲಿ ನಮ್ಮವರು ಯಾರೂ ಇಲ್ಲ ಎಂದು ಪುಟ ತಿರುವಬೇಡಿ. ಕಾಫಿ ಹೂ ಬಿಟ್ಟಾಗಲ್ಲದೆ ಬೆಳ್ಳಗಾಗದ ಕೊಡಗಿನಿಂದ ಭವಾನಿ ತೆಕ್ಕಡ ನಂಜುಂಡ ಎಂಬುವರು ಹೋಗಿ, 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಫಿಸ್ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಕಂಚು ಗೆದ್ದರು. ಅಂತರರಾಷ್ಟ್ರೀಯ ಕ್ರಾಸ್-ಕಂಟ್ರಿಯಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ಹಿಮವೇ ಬೀಳದ ಜಿಲ್ಲೆಯಿಂದ ಸ್ಕೀಗಾರ್ತಿ ಹುಟ್ಟುವುದನ್ನು ತಡೆಯುವ ನಿಯಮ ಬರೆಯುವುದು ಯಾರಿಗೂ ಹೊಳೆದಿರಲಿಲ್ಲ; ಆದ್ದರಿಂದ ಹುಟ್ಟಿದರು.

2026ರ ಮಿಲಾನೊ-ಕೊರ್ಟಿನಾ ಒಲಿಂಪಿಕ್ಸ್‌ನ ಪಟ್ಟಿಗೂ ಹೆಂಗಸರ 50 ಕಿ.ಮೀ. ಸೇರಿತು. ಹಾಗಾದರೆ ಸಮಿತಿಗಳಿಗೆ ಇನ್ನು ಕೆಲಸವಿಲ್ಲವೇ? ಚಿಂತೆ ಬೇಡ. ನಾರ್ಡಿಕ್ ಕಂಬೈನ್ಡ್ ಎಂಬ ಇನ್ನೊಂದು ಆಟವಿದೆ. ಮೊದಲು ಸ್ಕೀ ಜಿಗಿತ, ಆಮೇಲೆ ಕ್ರಾಸ್-ಕಂಟ್ರಿ ಓಟ, ಎರಡರ ಮೊತ್ತಕ್ಕೆ ಪದಕ. ಗಂಡಸರು ಇದನ್ನು 1924ರಿಂದಲೂ ಒಲಿಂಪಿಕ್ಸ್‌ನಲ್ಲಿ ಆಡುತ್ತಿದ್ದಾರೆ. ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2021ರಲ್ಲೇ ಜಾಗ ಸಿಕ್ಕಿದೆ. 2026ರ ಒಲಿಂಪಿಕ್ಸ್‌ಗೆ ಮಾತ್ರ ಬೇಡವೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2022ರ ಜೂನ್‌ನಲ್ಲಿ ತೀರ್ಮಾನಿಸಿತು. ಆ ಕ್ರೀಡಾಕೂಟದಲ್ಲಿ ಹೆಂಗಸರಿಗೆ ಬಾಗಿಲು ಮುಚ್ಚಿದ ಆಟ ಅದೊಂದೇ. ಹೆಂಗಸರು ಜಿಗಿಯಬಹುದು, 50 ಕಿಲೋಮೀಟರ್ ಓಡಬಹುದು, ಜಿಗಿದವಳೇ ಓಡಕೂಡದು.

ಕಾರಣ ಈ ಸಲ ಗರ್ಭಕೋಶವಲ್ಲ. ಆಡುವ ದೇಶಗಳು ಕಡಿಮೆ, ನೋಡುವ ಜನ ಕಡಿಮೆ ಎಂದರು. ಸಮಿತಿಗಳು ಕಲಿಯುವುದಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು. ದೇಹದ ಕಾರಣ ಕೊಟ್ಟಾಗಲೆಲ್ಲ ಯಾವಳೋ ಒಬ್ಬಳು ಓಡಿ ತೋರಿಸಿ, ಜಿಗಿದು ತೋರಿಸಿ ಅದನ್ನು ಕೆಡಿಸಿಬಿಡುತ್ತಿದ್ದಳು. ನೋಡುವವರು ಕಡಿಮೆ ಎಂಬ ಕಾರಣವನ್ನು ಹಾಗೆ ಕೆಡಿಸಲಾಗದು. ಆಟವನ್ನು ತೋರಿಸಿದರೆ ತಾನೆ ಜನ ನೋಡುವುದು? ತೋರಿಸುವುದು ಬಿಡುವುದು ಸಮಿತಿಯ ಕೈಯಲ್ಲೇ ಇದೆ.